ವಾಲ್ವ್ ಗಿಟಾರ್ ಆಂಪ್ ರಿಪೇರಿ: ಮೊದಲು ಕಿವಿ, ಆಮೇಲೆ ಮೀಟರ್, ಕೊನೆಗೆ ಬೆಸುಗೆ

ವಾಲ್ವ್ ಆಂಪ್, ಅಂದರೆ ಗಾಜಿನ ವಾಲ್ವ್‌ಗಳಿಂದ (ಟ್ಯೂಬ್) ಗಿಟಾರಿನ ಸದ್ದು ಏರಿಸುವ ಆಂಪ್ಲಿಫೈಯರ್, ಕೆಟ್ಟ ಕೂಡಲೇ ಹೆಚ್ಚಿನವರು ಒಂದು ಸೆಟ್ ಹೊಸ ವಾಲ್ವ್ ತರಿಸಿಬಿಡುತ್ತಾರೆ. ಬರುವ ತನಕ ಕಾದು, ಹಾಕಿ ನೋಡಿದರೆ ಆಂಪ್ ಮೊದಲಿನ ಹಾಗೇ ಗುಂಯ್ ಅನ್ನುತ್ತಿರುತ್ತದೆ. ಕೆಲವು ಸಲ ಹೊಸ ವಾಲ್ವೂ ಒಂದೇ ಸಂಜೆಯಲ್ಲಿ ಕೆಂಪಾಗಿ ಸುಟ್ಟುಹೋಗುತ್ತದೆ. ವಾಲ್ವ್ ಕೆಡುವುದು ನಿಜ. ಆದರೆ ಅದನ್ನು ಕೆಡಿಸಿದ್ದು ಎಷ್ಟೋ ಸಲ ಬೇರೆ ಯಾವುದೋ ಹತ್ತಿಪ್ಪತ್ತು ರೂಪಾಯಿಯ ಬಿಡಿಭಾಗ.

ಈ ಆಂಪ್‌ಗಳ ಸರ್ಕ್ಯೂಟು ಬಹಳ ಸರಳ. ಯಾವ ಭಾಗದಲ್ಲಿ ತೊಂದರೆ ಇದೆ ಅಂತ ಗೊತ್ತಾದರೆ ರಿಪೇರಿ ಮುಕ್ಕಾಲು ಮುಗಿದಂತೆ. ಹಾಗಾಗಿ ಈ ಬರಹದಲ್ಲಿ ಬೆಸುಗೆ ಹಾಕುವುದಕ್ಕಿಂತ ಹುಡುಕುವುದೇ ಜಾಸ್ತಿ.

ಉದಾಹರಣೆಗೆ ಫೆಂಡರ್ ಕಂಪನಿಯ ಡಿಲಕ್ಸ್ ರಿವರ್ಬ್ ಆಂಪ್ ಇಟ್ಟುಕೊಳ್ಳೋಣ. 1963ರ ಎಬಿ763 ಸರ್ಕ್ಯೂಟು. ಸ್ಪೀಕರ್ ಓಡಿಸುವ ಎರಡು 6ವಿ6 ಪವರ್ ವಾಲ್ವ್, ಸಣ್ಣ ವಾಲ್ವ್‌ಗಳಾಗಿ ನಾಲ್ಕು 12ಎಎಕ್ಸ್7, ಎರಡು 12ಎಟಿ7, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆಗಿ ಒಂದು ಜಿಝಡ್34. ಸುಮಾರು 22 ವ್ಯಾಟ್. ಮಾರ್ಷಲ್, ವಾಕ್ಸ್ ಆಂಪ್‌ಗಳಲ್ಲಿ ವಾಲ್ವ್‌ಗಳು ಬೇರೆ, ಆದರೆ ಹುಡುಕುವ ದಾರಿ ಒಂದೇ. ನಿಮ್ಮ ಆಂಪ್‌ನ ಸರ್ಕ್ಯೂಟ್ ಚಿತ್ರ ಇಂಟರ್ನೆಟ್ಟಿನಲ್ಲಿ ಸಿಕ್ಕೇ ಸಿಗುತ್ತದೆ. ದೊಡ್ಡದಾಗಿ ಪ್ರಿಂಟ್ ತೆಗೆದುಕೊಳ್ಳಿ. ಅಳತೆ ಮಾಡಿದ ವೋಲ್ಟೇಜುಗಳನ್ನು ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆಯುತ್ತಾ ಹೋಗಿ.

ಮೊದಲು ಜೀವ

ಈ ಡಬ್ಬದೊಳಗೆ 400 ವೋಲ್ಟಿಗೂ ಮೇಲ್ಪಟ್ಟು ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಡಿಸಿಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು, ಅದೂ ಪವರ್ ವಾಲ್ವ್ ತೆಗೆದಿಟ್ಟು ಆನ್ ಮಾಡಿದ್ದರೆ ತುಂಬಾ ಹೊತ್ತು. ಮೊಬೈಲ್ ಚಾರ್ಜರ್ ಬಿಚ್ಚಿ ನೋಡಿದ ಧೈರ್ಯದಲ್ಲಿ ಇದಕ್ಕೆ ಕೈ ಹಾಕಬೇಡಿ. ಮೀಟರ್ ಬಳಸಿ, ಬೆಸುಗೆ ಹಾಕಿ ಅಭ್ಯಾಸ ಇಲ್ಲದವರು "ಬಿಚ್ಚುವ ಮುಂಚೆ" ಅನ್ನುವ ಭಾಗದಷ್ಟು ಮಾಡಿ ನಿಲ್ಲಿಸುವುದು ಒಳ್ಳೆಯದು. ಅಷ್ಟರಲ್ಲೇ ಎಷ್ಟೋ ತೊಂದರೆ ಬಗೆಹರಿಯುತ್ತದೆ.

ಚಾರ್ಜ್ ಇಳಿಸುವ ಕ್ರಮ ಹೀಗೆ:

1. ಆಂಪ್ ಆಫ್ ಮಾಡಿ. ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ನುಡಿಸುವ ಸ್ಥಿತಿಯಲ್ಲೇ ಬಿಡಿ. ಬಿಸಿ ವಾಲ್ವ್‌ಗಳೇ ಬಹುಪಾಲು ಚಾರ್ಜನ್ನು ಕುಡಿದುಬಿಡುತ್ತವೆ.
2. ಗೋಡೆಯಿಂದ ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಡಿ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು.
3. 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ನ ಎರಡೂ ಕಡೆ ಇನ್ಸುಲೇಟೆಡ್ ಕ್ಲಿಪ್ ವೈರ್ ಹಾಕಿಟ್ಟುಕೊಳ್ಳಿ. ಒಂದು ಕ್ಲಿಪ್ ಚಾಸಿಗೆ (ಆಂಪ್‌ನ ಒಳಗಿನ ಲೋಹದ ಪೆಟ್ಟಿಗೆಗೆ), ಇನ್ನೊಂದು ಕೆಪಾಸಿಟರ್‌ನ ಪ್ಲಸ್ ತುದಿಗೆ. ಹತ್ತು ಸೆಕೆಂಡ್ ಹಿಡಿಯಿರಿ. ಪ್ರತಿ ಫಿಲ್ಟರ್ ಕೆಪಾಸಿಟರ್‌ಗೂ ಇದನ್ನೇ ಮಾಡಿ.
4. ಮೀಟರ್ ಇಟ್ಟು ನೋಡಿ. ನಾಲ್ಕೈದು ವೋಲ್ಟಿಗಿಂತ ಕಡಿಮೆ ಆಗುವ ತನಕ ಕೈ ಒಳಗೆ ಹೋಗಬಾರದು.

ಸ್ಕ್ರೂಡ್ರೈವರ್ ಅಡ್ಡ ಇಟ್ಟು "ಛಟ್" ಅನ್ನಿಸುವ ಚಾಳಿ ಬೇಡ. ಕೆಪಾಸಿಟರೂ ಹಾಳು, ಕಣ್ಣಿಗೂ ಅಪಾಯ.

ಆನ್ ಇರುವಾಗ ಅಳೆಯಬೇಕಾದರೆ ಮೀಟರ್‌ನ ಕಪ್ಪು ವೈರನ್ನು ಮೊದಲೇ ಚಾಸಿಗೆ ಕ್ಲಿಪ್ ಮಾಡಿ. ಬಲಗೈಯಲ್ಲಿ ಕೆಂಪು ಪ್ರೋಬ್, ಎಡಗೈ ಪ್ಯಾಂಟಿನ ಜೇಬಿನಲ್ಲಿ. ಉಂಗುರ, ಚೈನು, ಕಡಗ ತೆಗೆದಿಡಿ. ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಇರಲಿ. ಮನೆಯಲ್ಲಿ ಇನ್ನೊಬ್ಬರು ಇರಲಿ, ಮೇನ್ ಸ್ವಿಚ್ ಎಲ್ಲಿದೆ ಅಂತ ಅವರಿಗೆ ಹೇಳಿಡಿ.

ಇನ್ನೊಂದು ನಿಯಮ ಆಂಪ್‌ನ ಜೀವಕ್ಕೆ: ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಒಳಗೆ ವೋಲ್ಟೇಜು ಎದ್ದು ಇನ್ಸುಲೇಶನ್ ಒಡೆಯುತ್ತದೆ. ಚಾಸಿಯನ್ನು ಮೇಜಿನ ಮೇಲೆ ತಂದಿದ್ದರೆ ಸ್ಪೀಕರ್‌ಗೆ ಉದ್ದ ವೈರ್ ಕೊಡಿ, ಇಲ್ಲವೇ 8 ಓಮ್, 50 ವ್ಯಾಟ್‌ನ ವೈರ್‌ವೌಂಡ್ ರೆಸಿಸ್ಟರ್ ಹಾಕಿ.

ಸಾಮಾನು

1000 ವೋಲ್ಟ್ ಡಿಸಿ ತನಕ ಅಳೆಯುವ ಒಳ್ಳೆಯ ಮಲ್ಟಿಮೀಟರ್. ಮೀಟರ್‌ನಷ್ಟೇ ಅದರ ವೈರೂ ಮುಖ್ಯ. ಅಗ್ಗದ ವೈರಿನ ರಬ್ಬರ್ ಸೀಳಿದ್ದರೆ ಎಸೆಯಿರಿ. 60 ವ್ಯಾಟ್ ಆಸುಪಾಸಿನ ಸೋಲ್ಡರಿಂಗ್ ಐರನ್, 60/40 ಸೀಸ (ಬೆಸುಗೆ ತಂತಿ), ಹಳೆ ಬೆಸುಗೆ ಹೀರುವ ಪಂಪು, ಕಾಂಟ್ಯಾಕ್ಟ್ ಕ್ಲೀನರ್, ಒಂದು ಭೂತಗನ್ನಡಿ. ಮತ್ತೆ ಒಂದು ಉದ್ದನೆಯ ಬಿದಿರಿನ ಕಡ್ಡಿ. ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಕಡ್ಡಿಯೇ.

ಜೊತೆಗೆ ಒಂದು ಸೀರೀಸ್ ಬೋರ್ಡ್. ಟಿವಿ ರಿಪೇರಿ ಮಾಡುವವರ ಹತ್ತಿರ ನೋಡಿರುತ್ತೀರಿ: 100 ವ್ಯಾಟ್‌ನ ಹಳದಿ ಬಲ್ಬು, ಆಂಪ್ ಹಾಕುವ ಸಾಕೆಟ್ಟಿನ ಜೊತೆ ಸೀರೀಸ್‌ನಲ್ಲಿ. ಎಲ್‌ಇಡಿ ನಡೆಯುವುದಿಲ್ಲ, ಫಿಲಮೆಂಟ್ ಬಲ್ಬೇ ಆಗಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಕೋಳಿಮರಿ ಸಾಕುವವರು ಎಲ್ಲಿ ತರುತ್ತಾರೆ ಅಂತ ಕೇಳಿ. ಆಂಪ್ ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆಂಪ್ ಉಳಿಯುತ್ತದೆ. ಶಾರ್ಟ್ ಇಲ್ಲದಿದ್ದರೆ ಒಮ್ಮೆ ಜೋರಾಗಿ ಹೊತ್ತಿ, ವಾಲ್ವ್ ಒಳಗಿನ ಹೀಟರ್ ಬಿಸಿಯಾಗುತ್ತಿದ್ದಂತೆ ಮಂಕಾಗುತ್ತದೆ.

ರೆಸಿಸ್ಟರ್, ಡಯೋಡ್, 450 ವೋಲ್ಟಿನ ಕೆಪಾಸಿಟರ್‌ಗಳಿಗೆ ಬೆಂಗಳೂರಿನ ಎಸ್‌ಪಿ ರೋಡ್ ಸಾಕು. ಕೆಪಾಸಿಟರ್ ಅಂದರೆ ಗೊತ್ತಾಗದಿದ್ದರೆ ಕಂಡೆನ್ಸರ್ ಅನ್ನಿ. ಇಲ್ಲಿ ಬಿಸಿಲು ಜೋರು, ಹಾಗಾಗಿ 105 ಡಿಗ್ರಿ ಶಾಖ ತಾಳುವುದನ್ನೇ ತೆಗೆದುಕೊಳ್ಳಿ. ವಾಲ್ವ್ ಮಾತ್ರ ಹೆಚ್ಚಾಗಿ ಹೊರಗಿನಿಂದಲೇ ತರಿಸಬೇಕು. ಒಂದು ಕಾಲದಲ್ಲಿ ಜಾಲಹಳ್ಳಿಯ ಬಿಇಎಲ್‌ನಲ್ಲೇ ವಾಲ್ವ್ ತಯಾರಾಗುತ್ತಿತ್ತು. ಹಳೇ ರೇಡಿಯೋ ಸಾಮಾನಿನಲ್ಲಿ ಬಿಇಎಲ್ ಮುದ್ರೆಯ ಇಎಲ್84 ಈಗಲೂ ಒಮ್ಮೊಮ್ಮೆ ಸಿಗುತ್ತದೆ. ವಾಕ್ಸ್ ಎಸಿ15 ಥರದ ಆಂಪ್ ಇರುವವರು ಕಣ್ಣಿಟ್ಟಿರಿ. ಕೊಳ್ಳುವಾಗ ಹೆಸರು ನೋಡಿ ಗಾಬರಿಯಾಗಬೇಡಿ. 12ಎಎಕ್ಸ್7 ಅಂದರೂ ಇಸಿಸಿ83 ಅಂದರೂ ಒಂದೇ. 12ಎಟಿ7 ಅಂದರೆ ಇಸಿಸಿ81. ಜಿಝಡ್34 ಅಂದರೆ 5ಎಆರ್4.

ಬಿಚ್ಚುವ ಮುಂಚೆ

ಬೇರೆ ಕೇಬಲ್ ಹಾಕಿ ನೋಡಿ. ಬೇರೆ ಗಿಟಾರ್ ಹಾಕಿ ನೋಡಿ. ಪೆಡಲ್‌ಗಳನ್ನೆಲ್ಲ ತೆಗೆದು ನೇರವಾಗಿ ಆಂಪ್‌ಗೆ ಸಿಕ್ಕಿಸಿ. ಸುಮ್ನೆ ಹೇಳುತ್ತಿಲ್ಲ, "ಆಂಪ್ ಸತ್ತಿದೆ" ಅನ್ನುವ ಎಷ್ಟೋ ಕೇಸು ಇಲ್ಲೇ ಮುಗಿಯುತ್ತವೆ.

ಎಫೆಕ್ಟ್ಸ್ ಲೂಪ್ (ಪ್ರೀಆಂಪ್ ಎಂಬ ಮೊದಲ ಭಾಗಕ್ಕೂ ಪವರ್ ಭಾಗಕ್ಕೂ ನಡುವೆ ಪೆಡಲ್ ಸೇರಿಸುವ ಸೆಂಡ್, ರಿಟರ್ನ್ ಜ್ಯಾಕ್) ಇರುವ ಆಂಪ್ ಆದರೆ ಗಿಟಾರನ್ನು ನೇರ ರಿಟರ್ನ್ ಜ್ಯಾಕಿಗೆ ಹಾಕಿ. ಅಲ್ಲಿ ಸದ್ದು ಬಂದರೆ ಪವರ್ ಭಾಗ ಚೆನ್ನಾಗಿದೆ, ತೊಂದರೆ ಪ್ರೀಆಂಪ್‌ನಲ್ಲಿದೆ. ಬರದಿದ್ದರೆ ಉಲ್ಟಾ. ಅರ್ಧ ಆಂಪನ್ನು ಒಂದೇ ಏಟಿಗೆ ಬಿಟ್ಟುಬಿಡಬಹುದು. ಲೂಪ್‌ನ ಜ್ಯಾಕ್‌ಗಳಲ್ಲೇ ಕಿಲುಬು ಹಿಡಿದಿದ್ದರೂ ಸದ್ದು ನಿಲ್ಲುತ್ತದೆ. ಸೆಂಡ್‌ನಿಂದ ರಿಟರ್ನ್‌ಗೆ ಒಂದು ಚಿಕ್ಕ ಕೇಬಲ್ ಹಾಕಿದಾಗ ಆಂಪ್ ಜೀವ ಬಂದರೆ ಜ್ಯಾಕ್ ಕ್ಲೀನ್ ಮಾಡಿದರೆ ಸಾಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಮೇಲೆ ಇದು ತೀರಾ ಮಾಮೂಲಿ.

ಸ್ಪೀಕರ್ ವೈರ್ ಬಿಡಿಸಿ ಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ಓಮ್ ತೋರಿಸುತ್ತದೆ. ಅದು ಸರಿಯೇ. ಏನೂ ತೋರಿಸದಿದ್ದರೆ ಕಾಯಿಲ್ ಕಟ್ಟಾಗಿದೆ.

ಅಮೆರಿಕದಿಂದ ತಂದ ಆಂಪ್ ಆದರೆ ಹಿಂದಿನ ಪ್ಯಾನೆಲ್ ಓದಿ. 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ನೇರ ಹಾಕುವಂತಿಲ್ಲ. 300 ವಿಎ ಅಥವಾ ಅದಕ್ಕಿಂತ ದೊಡ್ಡ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಲ್ಲಿನ 60 ಹರ್ಟ್ಸ್‌ಗೆ ಮಾಡಿದ ಟ್ರಾನ್ಸ್‌ಫಾರ್ಮರ್ ಇಲ್ಲಿನ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. ಹಳೇ ಎರಡು ಪಿನ್ನಿನ ವೈರ್ ಇದ್ದರೆ ಮೊದಲ ಕೆಲಸ ಮೂರು ಪಿನ್ ಹಾಕಿ ಅರ್ತ್ ಕೊಡುವುದು. ಹಾಗೆಯೇ ಮೇನ್ಸ್ ವೈರಿನಿಂದ ಚಾಸಿಗೆ ಹೋಗುವ ಆ ಹಳೇ ಕೆಪಾಸಿಟರ್ ತೆಗೆಯುವುದು. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟು ಬರುತ್ತದೆ, ತುಟಿ ಮೈಕಿಗೆ ತಾಗಿದಾಗ ಗೊತ್ತಾಗುತ್ತದೆ. ಮನೆಯ ಸಾಕೆಟ್ಟಿನಲ್ಲಿ ಅರ್ತ್ ನಿಜವಾಗಿ ಇದೆಯಾ ಅಂತಲೂ ನೋಡಿ. ಎಷ್ಟೋ ಮನೆಗಳಲ್ಲಿ ಮೂರನೇ ತೂತು ಬರೀ ತೂತು, ಅಷ್ಟೇ.

ಫ್ಯೂಸ್ ಹಾರುತ್ತಿದ್ದರೆ

ದೊಡ್ಡ ಫ್ಯೂಸ್ ಹಾಕಬೇಡಿ. ತಂತಿ ಸುತ್ತಲೇಬೇಡಿ. ಪ್ಯಾನೆಲ್ ಮೇಲೆ ಬರೆದಷ್ಟೇ ಆಂಪಿಯರ್‌ನ ಸ್ಲೋಬ್ಲೋ (ನಿಧಾನಕ್ಕೆ ಹಾರುವ) ಫ್ಯೂಸ್ ಹಾಕಿ, ಆಂಪನ್ನು ಸೀರೀಸ್ ಬೋರ್ಡಿಗೆ ಸಿಕ್ಕಿಸಿ, ಎಲ್ಲಾ ವಾಲ್ವ್ ತೆಗೆದಿಡಿ. ಯಾವುದು ಎಲ್ಲಿತ್ತು ಅಂತ ಟೇಪ್ ಅಂಟಿಸಿ ಗುರುತು ಮಾಡಿ.

ವಾಲ್ವೇ ಇಲ್ಲದೆ ಆನ್ ಮಾಡಿದಾಗಲೂ ಬಲ್ಬ್ ಜೋರಾಗಿ ಉರಿದರೆ ತೊಂದರೆ ಪವರ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಥವಾ ಹೀಟರ್ ವೈರಿಂಗ್‌ನಲ್ಲಿ. ಸೆಕೆಂಡರಿ ವೈರ್‌ಗಳನ್ನೆಲ್ಲ ಬಿಡಿಸಿದ ಮೇಲೂ ಉರಿದರೆ ಟ್ರಾನ್ಸ್‌ಫಾರ್ಮರ್ ಹೋಗಿದೆ ಅಂತಲೇ ಲೆಕ್ಕ. ಬಲ್ಬ್ ಆರಿದ್ದರೆ ರೆಕ್ಟಿಫೈಯರ್ ವಾಲ್ವ್ ಮಾತ್ರ ಹಾಕಿ. ಈಗ ಉರಿದರೆ ಆ ವಾಲ್ವ್ ಇಲ್ಲವೇ ಮೊದಲ ಫಿಲ್ಟರ್ ಕೆಪಾಸಿಟರ್ ಶಾರ್ಟ್. ಡಯೋಡ್ ಇರುವ ಆಂಪ್‌ನಲ್ಲಿ ಈ ಹಂತ ಮೀಟರಿನಲ್ಲೇ ಆಗುತ್ತದೆ: ಚಾರ್ಜ್ ಇಳಿಸಿ, ಡಯೋಡ್ ಮೋಡಿನಲ್ಲಿ ಒಂದು ದಿಕ್ಕಿಗೆ 0.5ರಿಂದ 0.7 ವೋಲ್ಟ್, ಇನ್ನೊಂದು ದಿಕ್ಕಿಗೆ ಏನೂ ಇರಬಾರದು. ಎರಡೂ ಕಡೆ ಸೊನ್ನೆ ಅಂದರೆ ಶಾರ್ಟ್. ಒಂದು ಹೋಗಿದ್ದರೂ ಎಲ್ಲವನ್ನೂ ಬದಲಿಸಿ, 1ಎನ್4007 ಎಷ್ಟು ಮಹಾ ಬೆಲೆ?

ಇಲ್ಲಿಯ ತನಕ ಸರಿ ಇದ್ದರೆ ಪ್ರೀಆಂಪ್ ವಾಲ್ವ್ ಹಾಕಿ, ಕೊನೆಗೆ ಪವರ್ ವಾಲ್ವ್‌ಗಳನ್ನು ಒಂದೊಂದಾಗಿ. ಯಾವುದನ್ನು ಹಾಕಿದಾಗ ಬಲ್ಬ್ ಎದ್ದು ಉರಿಯಿತೋ ಅದೇ ಕಳ್ಳ. ಎರಡರಲ್ಲಿ ಯಾವುದನ್ನು ಹಾಕಿದರೂ ಉರಿದರೆ ವಾಲ್ವ್ ಅಲ್ಲ, ಬಯಾಸ್ ಸತ್ತಿದೆ. ಅದಕ್ಕೆ ಮುಂದೆ ಬರೋಣ.

ಪವರ್ ವಾಲ್ವ್‌ನ ಸಾಕೆಟ್ಟನ್ನೂ ಭೂತಗನ್ನಡಿಯಲ್ಲಿ ನೋಡಿ. 6ವಿ6, 6ಎಲ್6, ಇಎಲ್34 ಆದರೆ 2 ಮತ್ತು 3ನೇ ಪಿನ್ನಿನ ಮಧ್ಯೆ, ಅಂದರೆ ಹೀಟರ್ ಮತ್ತು ಪ್ಲೇಟ್ (ದೊಡ್ಡ ವೋಲ್ಟೇಜು ಬರುವ ತಗಡು) ಮಧ್ಯೆ, ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದಾ? ಅಲ್ಲಿ ಕಿಡಿ ಹಾರಿ ಸಾಕೆಟ್ ಸುಟ್ಟು ಇದ್ದಿಲಾಗಿದೆ. ಇದ್ದಿಲಿನಲ್ಲಿ ಕರೆಂಟು ಹರಿಯುತ್ತದೆ. ಕೆರೆದರೆ ಹೋಗುವುದಿಲ್ಲ, ಸಾಕೆಟ್ಟನ್ನೇ ಬದಲಿಸಬೇಕು.

ಮಾರ್ಷಲ್‌ನಂಥ ಆಂಪ್‌ಗಳಲ್ಲಿ ಎಚ್‌ಟಿ (ಹೈ ಟೆನ್ಷನ್) ಫ್ಯೂಸ್ ಅಂತ ಎರಡನೆಯದೊಂದು ಇರುತ್ತದೆ. ವಾಲ್ವ್‌ಗಳೆಲ್ಲ ಹೊತ್ತಿವೆ, ಸದ್ದು ಮಾತ್ರ ಸೊನ್ನೆ ಅಂದರೆ ಮೊದಲು ಅದನ್ನು ನೋಡಿ. ಅದು ಹಾರಿದ್ದರೆ ಸಾಮಾನ್ಯವಾಗಿ ಪವರ್ ವಾಲ್ವ್‌ದೇ ಕೆಲಸ.

ಗುಂಯ್ ಅನ್ನುತ್ತಿದ್ದರೆ

ಇಲ್ಲಿ ಗಿಟಾರ್ ನುಡಿಸುವವರಿಗೆ ಒಂದು ಅನುಕೂಲ ಇದೆ. ಕಿವಿಯೇ ಮೀಟರ್. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅದು ರೆಕ್ಟಿಫೈ ಆದಮೇಲೆ ಉಳಿಯುವ ಅಲೆ 100 ಹರ್ಟ್ಸ್. ದಪ್ಪ ಇ ತಂತಿಯ ಮೂರನೇ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸ್. ಆಂಪ್‌ನ ಗುಂಯ್ ಆ ಜಿ ಹತ್ತಿರವೇ, ಚೂರು ಮೇಲೆ ಇದ್ದರೆ ಅದು 100 ಹರ್ಟ್ಸ್, ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ. ಅದಕ್ಕಿಂತ ಒಂದು ಆಕ್ಟೇವ್ ಕೆಳಗೆ, ಮೆತ್ತಗೆ ಕೇಳಿದರೆ 50 ಹರ್ಟ್ಸ್: ಕೇಬಲ್, ಅರ್ತ್, ಹೀಟರ್ ವೈರಿಂಗ್ ಇವುಗಳಲ್ಲಿ ಹುಡುಕಿ. ಅಮೆರಿಕದವರು ಬರೆದದ್ದನ್ನು ಓದುವಾಗ ಅವರ ಲೆಕ್ಕ 60 ಮತ್ತು 120 ಅಂತ ನೆನಪಿರಲಿ. ಅವರ ಗುಂಯ್ ನಮಗಿಂತ ಮೇಲಿನ ಬಿ ಸ್ವರದ ಹತ್ತಿರ ನಿಲ್ಲುತ್ತದೆ.

ಈಗ ವಾಲ್ಯೂಮ್ ಸೊನ್ನೆಗೆ ತಿರುಗಿಸಿ. ಸದ್ದು ನಿಂತರೆ ತೊಂದರೆ ವಾಲ್ಯೂಮ್‌ಗಿಂತ ಮುಂಚೆ, ಅಂದರೆ ಮೊದಲ ವಾಲ್ವ್, ಇನ್‌ಪುಟ್ ಜ್ಯಾಕ್ ಅಥವಾ ಗಿಟಾರಿನಲ್ಲಿ. ನಿಲ್ಲದಿದ್ದರೆ ಪ್ರೀಆಂಪ್ ವಾಲ್ವ್‌ಗಳನ್ನು ಇನ್‌ಪುಟ್ ಕಡೆಯಿಂದ ಒಂದೊಂದಾಗಿ ಕಿತ್ತು ಕೇಳುತ್ತಾ ಬನ್ನಿ. ಪ್ರತಿ ಸಲ ಆಫ್ ಮಾಡಿ, ಬಟ್ಟೆ ಹಿಡಿದು ನೇರಕ್ಕೆ ಎಳೆಯಿರಿ. ಯಾವ ವಾಲ್ವ್ ತೆಗೆದಾಗ ಗುಂಯ್ ನಿಂತಿತೋ ಆ ವಾಲ್ವ್ ಅಥವಾ ಅದರ ಹಿಂದಿನ ಭಾಗ. ಕೊನೆಯ ಫೇಸ್ ಇನ್ವರ್ಟರ್ (ಎರಡು ಪವರ್ ವಾಲ್ವ್‌ಗೂ ಸಿಗ್ನಲ್ ಹಂಚುವ ವಾಲ್ವ್) ತೆಗೆದ ಮೇಲೂ ಇದ್ದರೆ ಪವರ್ ಭಾಗದ್ದೇ: ಫಿಲ್ಟರ್ ಕೆಪಾಸಿಟರ್ ಒಣಗಿದೆ, ಇಲ್ಲವೇ ಎರಡು ಪವರ್ ವಾಲ್ವ್ ಸಮ ಇಲ್ಲ.

ಹದಿನೈದಿಪ್ಪತ್ತು ವರ್ಷ ದಾಟಿದ ಫಿಲ್ಟರ್ ಕೆಪಾಸಿಟರನ್ನು ನಾನು ಅಳೆಯಲು ಹೋಗುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಡುತ್ತೇನೆ. ತಲೆ ಉಬ್ಬಿದ್ದರೆ, ಬುಡದಲ್ಲಿ ಕಂದು ಅಂಟು ಒಸರಿದ್ದರೆ ಹೊಸದಾದರೂ ತೆಗೆಯಲೇಬೇಕು. 16 ಮೈಕ್ರೋಫ್ಯಾರಡ್ ಜಾಗಕ್ಕೆ 22 ಹಾಕಬಹುದು. ಆದರೆ ವಾಲ್ವ್ ರೆಕ್ಟಿಫೈಯರ್ ಇದ್ದರೆ ಮೊದಲ ಕೆಪಾಸಿಟರನ್ನು ಬೇಕಾಬಿಟ್ಟಿ ದೊಡ್ಡದು ಮಾಡಬೇಡಿ. ಜಿಝಡ್34ಕ್ಕೆ 60 ಮೈಕ್ರೋಫ್ಯಾರಡ್ ಗರಿಷ್ಠ. ವೋಲ್ಟೇಜು ಹಳೆಯದಕ್ಕಿಂತ ಕಡಿಮೆ ಇರಬಾರದು. ಪ್ಲಸ್ ಮೈನಸ್ ಎರಡೆರಡು ಸಲ ನೋಡಿ. ಉಲ್ಟಾ ಹಾಕಿದರೆ ಸಿಡಿಯುತ್ತದೆ.

ಗುಂಯ್ ಬದಲು "ಪುಟ್ ಪುಟ್ ಪುಟ್" ಅಂತ ದೋಣಿ ಮೋಟರಿನ ಸದ್ದು ಬಂದರೆ ಅದೂ ಕೆಪಾಸಿಟರೇ. ಪ್ರೀಆಂಪ್‌ಗೆ ಸಪ್ಲೈ ಕೊಡುವ ಕೊನೆಯ ಹಂತದ್ದನ್ನು ಬದಲಿಸಿ.

ಹೀಟರ್ ಕಡೆಯ ಗುಂಯ್‌ಗೆ ಒಂದು ಕಡೆ ನೋಡುವುದನ್ನು ಮರೆಯಬೇಡಿ. ಕೆಲವು ಆಂಪ್‌ಗಳಲ್ಲಿ ಹೀಟರ್ ಲೈನಿನ ಎರಡೂ ಕಡೆಯಿಂದ ಚಾಸಿಗೆ 100 ಓಮ್‌ನ ಎರಡು ರೆಸಿಸ್ಟರ್ ಇರುತ್ತವೆ. ಪವರ್ ವಾಲ್ವ್ ಶಾರ್ಟ್ ಆದಾಗ ಇವು ಸುಟ್ಟು ಕರಕಲಾಗುತ್ತವೆ. ವಾಲ್ವ್ ಬದಲಿಸಿದ ಮೇಲೂ ಗುಂಯ್ ಉಳಿದುಬಿಡುವುದು ಇದರಿಂದಲೇ.

ಕರಕರ, ಪಟಪಟ, ಕೀಂ

ನಾಬ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಪಾಟ್‌ನಲ್ಲಿ (ನಾಬ್ ಹಿಂದೆ ತಿರುಗುವ ರೆಸಿಸ್ಟರ್) ಧೂಳು. ಆಫ್ ಮಾಡಿ, ಹಿಂಬದಿಯ ಸಣ್ಣ ಕಿಂಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು, ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಧೂಳು ಮತ್ತೆ ಅಂಟುತ್ತದೆ. ಕ್ಲೀನ್ ಮಾಡಿದ ಮೇಲೂ ಕರಕರ ಹೋಗದಿದ್ದರೆ ಆಂಪ್ ಆನ್ ಇರುವಾಗ ಆ ಪಾಟ್‌ನಲ್ಲಿ ಡಿಸಿ ಅಳೆಯಿರಿ. ಅರ್ಧ ವೋಲ್ಟೋ ಒಂದು ವೋಲ್ಟೋ ಸಿಕ್ಕಿತು ಅಂದರೆ ಹಿಂದಿನ ಹಂತದ ಕಪ್ಲಿಂಗ್ ಕೆಪಾಸಿಟರ್ (ಡಿಸಿ ತಡೆದು ಸಿಗ್ನಲ್ ಮಾತ್ರ ಮುಂದಿನ ಹಂತಕ್ಕೆ ದಾಟಿಸುವುದು) ಸೋರುತ್ತಿದೆ. ಪಾಟ್ ಬದಲಿಸಿ ಪ್ರಯೋಜನ ಇಲ್ಲ, ಕೆಪಾಸಿಟರ್ ಬದಲಿಸಿ. ಕೆಲವು ಹಳೇ ಫೆಂಡರ್, ಮಾರ್ಷಲ್ ಆಂಪ್‌ಗಳ ಪ್ರೆಸೆನ್ಸ್ ಪಾಟ್ ಇದಕ್ಕೆ ಅಪವಾದ. ಅಲ್ಲಿ ಡಿಸಿ ಇರುವುದೇ ವಿನ್ಯಾಸ, ಕರಕರ ಸಹಜ.

ಮುಟ್ಟದಿದ್ದರೂ ಪಟಪಟ ಅಂದರೆ ಬಿದಿರಿನ ಕಡ್ಡಿ ಹೊರಗೆ ಬರಲಿ. ಆಂಪ್ ಆನ್ ಇಟ್ಟು, ವಾಲ್ಯೂಮ್ ಸ್ವಲ್ಪ ಏರಿಸಿ, ಕಡ್ಡಿಯ ತುದಿಯಿಂದ ಒಂದೊಂದು ರೆಸಿಸ್ಟರ್, ಒಂದೊಂದು ಬೆಸುಗೆಯನ್ನು ಮೆಲ್ಲಗೆ ಒತ್ತಿ, ತಟ್ಟಿ. ಕಡ್ಡಿ ಒಣಗಿರಬೇಕು, ಕೈ ಒಂದೇ ಇರಬೇಕು. ಎಲ್ಲಿ ಒತ್ತಿದಾಗ "ಪಟ್" ಅಂತೋ ಅಲ್ಲಿ ಭೂತಗನ್ನಡಿ ಹಿಡಿಯಿರಿ. ಒಳ್ಳೆಯ ಬೆಸುಗೆ ಹೊಳೆಯುತ್ತಾ ತಂತಿಯನ್ನು ಅಪ್ಪಿಕೊಂಡಿರುತ್ತದೆ. ಬಿರುಕು ಬಿಟ್ಟ ಬೆಸುಗೆಯಲ್ಲಿ ತಂತಿಯ ಸುತ್ತ ಒಂದು ತೆಳ್ಳನೆಯ ಬೂದು ಉಂಗುರ ಕಾಣುತ್ತದೆ. ಹಳೇ ಸೀಸವನ್ನು ಪೂರ್ತಿ ಹೀರಿ ತೆಗೆದು ಹೊಸದು ಹಾಕಿ. ಮೇಲಿಂದ ಸುಮ್ಮನೆ ಕಾಯಿಸಿದರೆ ಆರು ತಿಂಗಳಲ್ಲಿ ಮತ್ತೆ ಬಿಡುತ್ತದೆ.

ಪಿಸಿಬಿ ಇರುವ ಹೊಸ ಕಾಲದ ಆಂಪ್‌ಗಳಲ್ಲಿ 5 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್‌ಗಳ ಕಾಲನ್ನು ಮೊದಲು ನೋಡಿ. ಇವು ಕಾದು ಕಾದು ಸುತ್ತಲಿನ ಬೋರ್ಡನ್ನೇ ಕಂದು ಮಾಡಿರುತ್ತವೆ. ಹೊಸದು ಹಾಕುವಾಗ ಬೋರ್ಡಿಗೆ ಅಂಟಿಸದೆ ಒಂದು ಬೆರಳಗಲ ಎತ್ತರದಲ್ಲಿ ನಿಲ್ಲಿಸಿ. ಚಾನೆಲ್ ತನ್ನಷ್ಟಕ್ಕೆ ಬದಲಾಗುವುದು, ರಿವರ್ಬ್ ಬಂದು ಹೋಗುವುದು, ಇಂಥ ದೆವ್ವದ ಚೇಷ್ಟೆಗಳೆಲ್ಲ ಆಗಾಗ ಇದೊಂದರಿಂದಲೇ.

ಮಳೆ ಹನಿಯಂತೆ ನಿರಂತರ ಪಟಪಟ ಇದ್ದರೆ ವಾಲ್ವ್ ಪ್ಲೇಟಿಗೆ ಹೋಗುವ 100 ಕಿಲೋಓಮ್‌ನ ಹಳೇ ಕಾರ್ಬನ್ ರೆಸಿಸ್ಟರ್ ಬದಲಿಸಿ. ಮೆಟಲ್ ಫಿಲ್ಮ್, ಒಂದು ವ್ಯಾಟ್. "ಹಳೇದರ ಟೋನ್ ಹೋಗುತ್ತೆ" ಅನ್ನುವವರು ಇದ್ದಾರೆ. ಆ ಜಾಗದಲ್ಲಿ ನನಗಂತೂ ಹೋಗಿದ್ದು ಪಟಪಟ ಮಾತ್ರ.

ಕೀಂ ಅನ್ನುವ ಸದ್ದಿಗೆ ಪೆನ್ಸಿಲ್ ಸಾಕು. ರಬ್ಬರ್ ಇರುವ ತುದಿಯಿಂದ ಪ್ರೀಆಂಪ್ ವಾಲ್ವ್‌ಗಳನ್ನು ತಟ್ಟಿ. ಎಲ್ಲವೂ ಸ್ವಲ್ಪ ಟಕ್ ಅನ್ನುತ್ತವೆ. ಒಂದು ಮಾತ್ರ ಗಂಟೆಯಂತೆ ಅನುರಣಿಸಿದರೆ ಅದು ಮೈಕ್ರೋಫೋನಿಕ್, ಅಂದರೆ ಅದುರಿದಾಗ ಮೈಕಿನಂತೆ ಸದ್ದು ಹಿಡಿಯುತ್ತದೆ. ಇನ್‌ಪುಟ್‌ನ ಮೊದಲ ವಾಲ್ವ್‌ನಲ್ಲಿ ಇದು ದೊಡ್ಡ ತಲೆನೋವು. ಕೊನೆಯ ಹಂತಕ್ಕೆ ಬದಲಾಯಿಸಿದರೆ ಅದೇ ವಾಲ್ವ್ ಇನ್ನೂ ವರ್ಷಗಟ್ಟಲೆ ಬಾಳುತ್ತದೆ. ಎಸೆಯಬೇಡಿ. ಹೊಸ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಕಿದ ಕೂಡಲೇ ಜೋರಾಗಿ ಕೂಗಿದರೆ ಮಾತ್ರ ಕಥೆ ಬೇರೆ. ಪ್ಲೇಟಿನ ಎರಡು ವೈರ್ ಅದಲುಬದಲಾಗಿದೆ, ತಿರುಗಿಸಿ ಹಾಕಿ.

ಪ್ಲೇಟ್ ಕೆಂಪಾದರೆ

ಪವರ್ ವಾಲ್ವ್‌ನಲ್ಲಿ ಹೀಟರ್ ಕಿತ್ತಳೆ ಬಣ್ಣದಲ್ಲಿ ಹೊತ್ತಿರುವುದು ಸರಿ. ಕೆಲವೊಮ್ಮೆ ಗಾಜಿನ ಮೇಲೆ ನೀಲಿ ಛಾಯೆ ಆಡುತ್ತದೆ, ಅದೂ ಸರಿ. ಕೋಣೆಯ ದೀಪ ಆರಿಸಿ, ಹೊರಗಿನ ಬೂದು ಲೋಹದ ಪ್ಲೇಟನ್ನು ನೋಡಿ. ಅದರ ಮಧ್ಯದಲ್ಲಿ ಮೊದಲು ಹೆಂಚಿನ ಬಣ್ಣದ ಒಂದು ಮಂಕು ಚುಕ್ಕೆ ಕಾಣುತ್ತದೆ. ನೋಡುತ್ತಿದ್ದಂತೆ ಅದು ಅಗಲವಾಗುತ್ತಾ ಕೆಂಪೇರುತ್ತದೆ. ಪೂರ್ತಿ ಕೆಂಪಾಗುವ ತನಕ ಕಾಯಬೇಡಿ, ಚುಕ್ಕೆ ಕಂಡ ಕೂಡಲೇ ಆಫ್.

ಬಯಾಸ್ ಅಂದರೆ ವಾಲ್ವ್ ಎಂಬ ನಲ್ಲಿಯನ್ನು ಎಷ್ಟು ತಿರುಗಿಸಿಟ್ಟಿದ್ದೀರಿ ಅನ್ನುವುದು. ವಾಲ್ವ್ ಒಳಗಿನ ಗ್ರಿಡ್ ಎಂಬ ಜಾಲರಿಯ ಮೈನಸ್ ವೋಲ್ಟೇಜು ಅದನ್ನು ಬಿಗಿಹಿಡಿಯುತ್ತದೆ. ಆ ಮೈನಸ್ ತಪ್ಪಿದರೆ ಕರೆಂಟು ಧಾರಾಳವಾಗಿ ಹರಿದು ಪ್ಲೇಟ್ ಕಾಯುತ್ತದೆ. ಹಾಗಾಗಿ ಎರಡೂ ಪವರ್ ವಾಲ್ವ್ ತೆಗೆದು, ಆನ್ ಮಾಡಿ, ಎರಡೂ ಸಾಕೆಟ್ಟಿನ 5ನೇ ಪಿನ್ ಅಳೆಯಿರಿ. 6ವಿ6, 6ಎಲ್6, ಇಎಲ್34 ಮೂರಕ್ಕೂ ಗ್ರಿಡ್ 5ನೇ ಪಿನ್ನೇ. 6ವಿ6 ಆದರೆ ಮೈನಸ್ 35ರ ಆಸುಪಾಸು, 6ಎಲ್6 ಆದರೆ ಮೈನಸ್ 45ರಿಂದ 52 ಕಾಣಬೇಕು.

ಎರಡೂ ಕಡೆ ಸೊನ್ನೆ ಅಥವಾ ತೀರಾ ಕಡಿಮೆ ಇದ್ದರೆ ಬಯಾಸ್ ಸಪ್ಲೈ ಹಾಳಾಗಿದೆ: ಡಯೋಡ್, ಬಯಾಸ್ ಕೆಪಾಸಿಟರ್, ಅಡ್ಜಸ್ಟ್ ಮಾಡುವ ಪಾಟ್. ಇಲ್ಲೊಂದು ಎಡವಟ್ಟಿಗೆ ದಾರಿ ಇದೆ. ಇದು ಮೈನಸ್ ಸಪ್ಲೈ ಆದ್ದರಿಂದ ಕೆಪಾಸಿಟರ್‌ನ ಪ್ಲಸ್ ಚಾಸಿಗೆ ಹೋಗಬೇಕು. ಬೇರೆಲ್ಲಾ ಕಡೆ ಮೈನಸ್ ಚಾಸಿಗೆ ಹೋಗುವ ಅಭ್ಯಾಸದಲ್ಲಿ ಇಲ್ಲಿ ತಿರುಗಿಸಿ ಹಾಕಿಬಿಡುವವರು ಬಹಳ.

ಒಂದು ಕಡೆ ಸರಿ, ಇನ್ನೊಂದು ಕಡೆ ಕಡಿಮೆ ಇದ್ದರೆ ಆ ಕಡೆಯ 0.1 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕಿ, ಇನ್ನೊಂದನ್ನೂ ಜೊತೆಯಲ್ಲೇ ಬದಲಿಸಿ. ಒಂದು ಕಡೆ ಏನೂ ಇಲ್ಲದಿದ್ದರೆ ಗ್ರಿಡ್‌ಗೆ ಬಯಾಸ್ ತರುವ ರೆಸಿಸ್ಟರ್, ಇಲ್ಲವೇ ಸಾಕೆಟ್ಟಿನಲ್ಲಿರುವ 1.5 ಕಿಲೋಓಮ್ ರೆಸಿಸ್ಟರ್ ಓಪನ್ ಆಗಿದೆ, ಅಂದರೆ ಒಳಗೆ ಕಟ್ಟಾಗಿದೆ. ಎರಡೂ ಕಡೆ ಸರಿ ಇದ್ದೂ ಒಂದೇ ವಾಲ್ವ್ ಕೆಂಪಾದರೆ ಎರಡು ವಾಲ್ವ್‌ಗಳ ಜಾಗ ಬದಲಿಸಿ ನೋಡಿ. ಕೆಂಪಾಗುವುದು ವಾಲ್ವ್ ಜೊತೆಗೇ ಹೋಯಿತಾ? ವಾಲ್ವ್ ಕೆಟ್ಟಿದೆ. ಅದೇ ಸಾಕೆಟ್ಟಿನಲ್ಲಿ ಉಳಿಯಿತಾ? 5ನೇ ಪಿನ್ನಿನ ಹಿಡಿತ ಸಡಿಲ. ಚಾರ್ಜ್ ಇಳಿಸಿ, ಗುಂಡುಸೂಜಿಯಿಂದ ಸಾಕೆಟ್ಟಿನ ಒಳಗಿನ ತಗಡನ್ನು ಬಿಗಿ ಮಾಡಿ.

ಹೊಸ ಪವರ್ ವಾಲ್ವ್ ಹಾಕಿದ ಮೇಲೆ ಬಯಾಸ್ ಅಳೆದು ಹೊಂದಿಸಬೇಕು. ಸುಲಭದ ದಾರಿ: 8ನೇ ಪಿನ್ನಿನಿಂದ (ಕ್ಯಾಥೋಡ್) ಚಾಸಿಗೆ ಹೋಗುವ ವೈರಿನ ಜಾಗದಲ್ಲಿ 1 ಓಮ್ ರೆಸಿಸ್ಟರ್ ಕಾಯಂ ಹಾಕಿಬಿಡಿ. ಅದರ ಮೇಲೆ ಎಷ್ಟು ಮಿಲಿವೋಲ್ಟೋ ಅಷ್ಟೇ ಮಿಲಿಆಂಪಿಯರ್. ವಾಲ್ವ್ ತಾಳುವ ವ್ಯಾಟ್‌ನ ಶೇಕಡಾ 70ನ್ನು ಪ್ಲೇಟ್ ವೋಲ್ಟೇಜಿನಿಂದ ಭಾಗಿಸಿ. 6ವಿ6ಗೆ 12 ವ್ಯಾಟ್, ಅದರ ಶೇಕಡಾ 70 ಅಂದರೆ 8.4. ಪ್ಲೇಟಿನಲ್ಲಿ 420 ವೋಲ್ಟ್ ಇದ್ದರೆ 20 ಮಿಲಿಆಂಪಿಯರ್. ಇಎಲ್34ಕ್ಕೆ 25 ವ್ಯಾಟ್, 440 ವೋಲ್ಟಿನಲ್ಲಿ ಸುಮಾರು 40. ಇದು ಮೇಲಿನ ಮಿತಿ, ಗುರಿ ಅಲ್ಲ. ಎರಡು ಮೂರು ಕಡಿಮೆಯೇ ಇರಲಿ. ಅಳೆಯುವಾಗ ಸೀರೀಸ್ ಬೋರ್ಡಿನಿಂದ ತೆಗೆದು ನೇರ ಮೇನ್ಸ್‌ಗೆ ಹಾಕಿ, ಬಲ್ಬಿನ ಮೂಲಕ ಬರುವ ವೋಲ್ಟೇಜು ಲೆಕ್ಕಕ್ಕೆ ಸಿಗುವುದಿಲ್ಲ. ರಾತ್ರಿ ಹೊತ್ತು ಲೈನು 250 ತನಕ ಏರುವ ಊರಾದರೆ ಹೀಟರ್ ಕೂಡ 6.3ರಿಂದ 6.8ಕ್ಕೆ ಏರುತ್ತದೆ, ವಾಲ್ವ್ ಆಯುಸ್ಸು ತಗ್ಗುತ್ತದೆ. ಜನರೇಟರ್ ಮೇಲೆ ನಡೆಯುವ ಆರ್ಕೆಸ್ಟ್ರಾಗಳಿಗೂ ಇದೇ ಮಾತು. ಒಂದು ಸ್ಟೆಬಿಲೈಸರ್ ಇಟ್ಟುಕೊಳ್ಳಿ.

ವಾಕ್ಸ್ ಎಸಿ15 ಥರದ ಕ್ಯಾಥೋಡ್ ಬಯಾಸ್ (ಬಯಾಸ್ ತಾನಾಗಿ ಹೊಂದಿಕೊಳ್ಳುವ) ಆಂಪ್‌ನಲ್ಲಿ ಹೊಂದಿಸುವ ಕೆಲಸ ಇಲ್ಲ. ಕೆಂಪಾದರೆ ಕ್ಯಾಥೋಡ್ ರೆಸಿಸ್ಟರ್, ಅದರ ಪಕ್ಕದ ಕೆಪಾಸಿಟರ್, ಕಪ್ಲಿಂಗ್ ಕೆಪಾಸಿಟರ್ ಇವಿಷ್ಟು ನೋಡಿ.

ಸದ್ದು ಸಣ್ಣಗಿದೆ, ಅಥವಾ ಇಲ್ಲವೇ ಇಲ್ಲ

ಪ್ರೀಆಂಪ್‌ನ ಪ್ರತಿ 12ಎಎಕ್ಸ್7ನಲ್ಲೂ ಎರಡು ವಾಲ್ವ್ ಇವೆ. ಪ್ಲೇಟ್ 1 ಮತ್ತು 6ನೇ ಪಿನ್, ಎಲೆಕ್ಟ್ರಾನ್ ಹೊರಡುವ ಕ್ಯಾಥೋಡ್ 3 ಮತ್ತು 8. ಈ ನಾಲ್ಕು ಕಡೆ ಡಿಸಿ ಅಳೆದರೆ ವಾಲ್ವ್ ತನ್ನ ಆರೋಗ್ಯ ತಾನೇ ಹೇಳುತ್ತದೆ. ಸಪ್ಲೈ 270 ವೋಲ್ಟ್, ಪ್ಲೇಟ್ 170, ಕ್ಯಾಥೋಡ್ 1.5 ಅಂತಿಟ್ಟುಕೊಳ್ಳಿ. ಅಂದರೆ 100 ಕಿಲೋಓಮ್‌ನಲ್ಲಿ 100 ವೋಲ್ಟ್ ಬಿದ್ದಿದೆ, 1 ಮಿಲಿಆಂಪಿಯರ್ ಹರಿಯುತ್ತಿದೆ. ಅದೇ ಕರೆಂಟು 1.5 ಕಿಲೋಓಮ್‌ನಲ್ಲಿ 1.5 ವೋಲ್ಟ್ ಕೊಡುತ್ತಿದೆ. ಲೆಕ್ಕ ತಾಳೆಯಾಯಿತು, ಆ ಹಂತ ಆರೋಗ್ಯವಾಗಿದೆ.

ಪ್ಲೇಟಿನಲ್ಲೂ ಸಪ್ಲೈನಷ್ಟೇ 270 ಇದ್ದರೆ ವಾಲ್ವ್‌ನಲ್ಲಿ ಕರೆಂಟೇ ಹರಿಯುತ್ತಿಲ್ಲ. ವಾಲ್ವ್ ಸತ್ತಿದೆ, ಅಥವಾ ಕ್ಯಾಥೋಡ್ ರೆಸಿಸ್ಟರ್ ಓಪನ್. ಪ್ಲೇಟಿನಲ್ಲಿ ಸೊನ್ನೆ ಇದ್ದು ಸಪ್ಲೈ ಸರಿ ಇದ್ದರೆ 100 ಕಿಲೋಓಮ್ ಓಪನ್. ಮೂರೂ ಸರಿ ಇದ್ದೂ ಸದ್ದು ಸಣ್ಣಗಿದ್ದರೆ ಕ್ಯಾಥೋಡ್‌ನ 25 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಣಗಿರಬಹುದು. ಹೊಸದೊಂದನ್ನು ಆಫ್ ಇರುವಾಗ ಪಕ್ಕದಲ್ಲೇ ಜೋಡಿಸಿ ಆನ್ ಮಾಡಿ ಕೇಳಿ.

ಪವರ್ ಭಾಗದ 6ವಿ6, 6ಎಲ್6, ಇಎಲ್34ರಲ್ಲಿ 3ನೇ ಪಿನ್ ಪ್ಲೇಟ್, 4 ಸ್ಕ್ರೀನ್ (ಎರಡನೇ ಜಾಲರಿ). ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಸ್ಕ್ರೀನ್ ಸೊನ್ನೆ ಇದ್ದರೆ 470 ಓಮ್ ರೆಸಿಸ್ಟರ್ ಹೋಗಿದೆ. ಫೆಂಡರ್‌ನಲ್ಲಿ ಇದು ಸಾಕೆಟ್ಟಿನ 6ನೇ ಮತ್ತು 4ನೇ ಪಿನ್ನಿನ ಮಧ್ಯೆ ಕೂತಿರುತ್ತದೆ. ಇದು ಹೋಗಿದ್ದರೆ ಸಾಮಾನ್ಯವಾಗಿ ಆ ಪವರ್ ವಾಲ್ವೂ ಹೋಗಿರುತ್ತದೆ. ಸ್ಕ್ರೀನಿನಲ್ಲಿ ವೋಲ್ಟ್ ಇದ್ದು ಒಂದು ಪ್ಲೇಟಿನಲ್ಲಿ ಮಾತ್ರ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಅರ್ಧ ಸುರುಳಿ ಕಟ್ಟಾಗಿದೆ. ಚಾರ್ಜ್ ಇಳಿಸಿ, ಮಧ್ಯದ ವೈರಿನಿಂದ ಎರಡೂ ಪ್ಲೇಟಿಗೆ ಓಮ್ ಅಳೆದು ಖಚಿತ ಮಾಡಿಕೊಳ್ಳಿ. ಎರಡರ ನಡುವೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ರಿವರ್ಬ್

ರಿವರ್ಬ್ ಏರಿಸಿ, ಆಂಪನ್ನು ಒಂದು ಕಡೆಯಿಂದ ಚೂರು ಎತ್ತಿ ಬಿಡಿ. ಗುಡುಗಿನಂಥ ಸದ್ದು ಬಂತಾ? ಹಾಗಾದರೆ ಸ್ಪ್ರಿಂಗಿನಿಂದ ವಾಪಸ್ ಬರುವ ದಾರಿ ಸರಿ ಇದೆ. ತೊಂದರೆ ಕಳಿಸುವ ಕಡೆ: 12ಎಟಿ7, ಸಣ್ಣ ರಿವರ್ಬ್ ಟ್ರಾನ್ಸ್‌ಫಾರ್ಮರ್, ಅಥವಾ ಟ್ಯಾಂಕಿನ (ಸ್ಪ್ರಿಂಗ್ ಇರುವ ಡಬ್ಬ) ಇನ್‌ಪುಟ್ ಕಾಯಿಲ್. ಸದ್ದೇ ಬರದಿದ್ದರೆ ವಾಪಸ್ ಬರುವ ಕೇಬಲ್ ಮತ್ತು ವಾಲ್ವ್ ನೋಡಿ. ಟ್ಯಾಂಕಿನ ಎರಡು ಆರ್‌ಸಿಎ ಜ್ಯಾಕ್ ಅಳೆಯಿರಿ. ಈ ಥರದ ಆಂಪ್‌ನಲ್ಲಿ ಇನ್‌ಪುಟ್ ಸುಮಾರು 1 ಓಮ್, ಔಟ್‌ಪುಟ್ ಸುಮಾರು 200 ಓಮ್. ಏನೂ ತೋರಿಸದಿದ್ದರೆ ಒಳಗೆ ಕೂದಲಿನಷ್ಟು ತೆಳ್ಳಗಿನ ವೈರ್ ಕಿತ್ತಿದೆ. ತಾಳ್ಮೆ ಇದ್ದರೆ ಬೆಸುಗೆ ಹಾಕಬಹುದು. ಎರಡು ಕೇಬಲ್ ಅದಲುಬದಲಾಗಿರುವುದೂ ಉಂಟು, ಅದನ್ನು ಮೊದಲೇ ನೋಡಿ.

ಮುಚ್ಚುವಾಗ

ಕತ್ತರಿಸಿದ ತಂತಿ ತುಂಡು, ಸೀಸದ ಹನಿ ಚಾಸಿಯೊಳಗೆ ಉಳಿದಿರುತ್ತವೆ. ಚಾರ್ಜ್ ಇಳಿಸಿ, ಚಾಸಿಯನ್ನು ಮಗುಚಿ ಅಲ್ಲಾಡಿಸಿ, ಬ್ರಷ್ ಹಾಕಿ. ಚಾರ್ಜ್ ಇಳಿಸಲು ಹಾಕಿದ ಕ್ಲಿಪ್ ತೆಗೆದಿದ್ದೀರಾ ನೋಡಿ. ಮೊದಲ ಸಲ ಸೀರೀಸ್ ಬೋರ್ಡಿನಲ್ಲೇ ಆನ್ ಮಾಡಿ, ಬಲ್ಬ್ ಮಂಕಾದ ಮೇಲೆ ನೇರ ಮೇನ್ಸ್‌ಗೆ ಹಾಕಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಬಯಾಸ್ ಇನ್ನೊಮ್ಮೆ ಅಳೆಯಿರಿ, ತಣ್ಣಗಿದ್ದಾಗ ಇದ್ದದ್ದು ಬಿಸಿಯಲ್ಲಿ ಸ್ವಲ್ಪ ಸರಿದಿರುತ್ತದೆ. ಆಮೇಲೆ ಪೆಟ್ಟಿಗೆಯೊಳಗೆ ಕೂರಿಸಿ, ಸ್ಕ್ರೂ ಬಿಗಿದು, ದಪ್ಪ ಇ ತಂತಿಯನ್ನು ಜೋರಾಗಿ ಮೀಟಿ. ಮೇಜಿನ ಮೇಲೆ ಸುಮ್ಮನಿದ್ದ ಸಡಿಲ ಬೆಸುಗೆ, ಸಡಿಲ ಸಾಕೆಟ್ಟು ಸ್ಪೀಕರ್ ಅದುರಿದಾಗ ಬಾಯಿ ಬಿಡುತ್ತವೆ. ಪಟ್ ಅಂದರೆ ಮತ್ತೆ ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, ಕಡ್ಡಿ ಕೈಗೆತ್ತಿಕೊಳ್ಳಿ.